ಸೆಲ್ಫ್ ಇಲ್ಲದ ಗಾಡಿ

ರಾಮದುರ್ಗ
ರವಿವಾರ, ೮ ಮಾರ್ಚ್ ೨೦೨೬

ನನ್ನ ರತ್ನವ್ವನಿಗೆ ಅಪ್ಪನ ಆಶೀರ್ವಾದ.

ಅಲ್ಲವ್ವ, ಗಾಡಿಗೆ ಜಾಗವಿಲ್ಲ ಎಂದು ನಾನೆಲ್ಲಿ ಹೇಳಿದೆ? "ತಂದು ಎಲ್ಲಿ ನಿಲ್ಲಸ್ತಿ?" ಎಂದು ನೀನು ಕೇಳಿದೆ, ಅಷ್ಟರಲ್ಲಿ ಫೋನಿನ ಚಾರ್ಜು ಮುಗಿಯಿತು. ಮುಗಿಯಿತು ಎಂದೇ ಇಟ್ಟುಕೋ. ಫೋನಿನಲ್ಲಿ ನೀನು ನನ್ನ ಮಾತು ಪೂರಾ ಆಗಲು ಬಿಡುವುದಿಲ್ಲ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ, ಸವದತ್ತಿಗೆ ಮುಟ್ಟುವುದರೊಳಗೆ ನಿನ್ನ ಸಿಟ್ಟೂ ಇಳಿದಿರುತ್ತದೆ.

ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಬಂಧಕ್ಕೆ ಒಂದು ಪದ್ಧತಿ ಇತ್ತು. ಮೊದಲು ಮೆರಿಟ್ಸ್, ಆಮೇಲೆ ಡಿಮೆರಿಟ್ಸ್, ಕಡೆಗೆ 'ಹೆನ್ಸ್' ಎಂದು ಬರೆದು ತೀರ್ಮಾನ. ನಾನು ಒಂದು ಸಲವೂ ಹೆನ್ಸ್ ತನಕ ಮುಟ್ಟಲಿಲ್ಲ, ಗಂಟೆ ಬಾರಿಸಿಬಿಡುತ್ತಿದ್ದರು. ಅದಕ್ಕೇ ಬಿ.ಎ. ಅರ್ಧಕ್ಕೆ ಬಿಟ್ಟು ಪಂಪ್‌ಸೆಟ್ ರಿಪೇರಿಗೆ ಕುಳಿತೆ, ನಿನಗೆ ಗೊತ್ತಿದ್ದದ್ದೇ. ಈಗಲೂ ಅದೇ ಪದ್ಧತಿಯಲ್ಲಿ ಬರೆಯುತ್ತೇನೆ, ಗಂಟೆ ಬಾರಿಸುವವರು ಯಾರೂ ಇಲ್ಲ.

ಇನ್ ದಿ ಫಸ್ಟ್ ಪ್ಲೇಸ್, ಅದು ನಮ್ಮ ಫಕ್ರುಸಾಬನ ಅಂಬಾಸಡರ್. ಸುರೇಬಾನದಿಂದ ಈ ಕಡೆಯ ಲಗ್ನಗಳಿಗೆಲ್ಲ ಮದುಮಕ್ಕಳನ್ನು ಹೊತ್ತು ತಂದ ಗಾಡಿ. ಅವನು ತೀರಿಕೊಂಡ ಮೇಲೆ ಬೇವಿನ ಗಿಡದ ಕೆಳಗೆ ನಿಂತೇ ಇದೆ. ಗುಜರಿಯವರು ಎರಡು ಸಲ ಬಂದು ಕೇಳಿ ಹೋದರಂತೆ, ಗಂಡನ ಗಾಡಿ ಎಂದು ಕಾಶಿಂಬಿ ಅಕ್ಕ ಬಾಗಿಲೊಳಗೇ ಬಿಟ್ಟುಕೊಳ್ಳಲಿಲ್ಲ. ಬಿಚ್ಚಿ, ತುಕ್ಕು ತಿಕ್ಕಿ, ಬಣ್ಣ ಹೊಡೆದು ಓಡಿಸುವವರು ಸಿಕ್ಕರೆ ಮಾತ್ರ ಕೊಡುವುದು ಎಂದು ಹಟ ಹಿಡಿದಿದ್ದಾಳೆ. ಸೆಕೆಂಡ್ಲಿ, ನನ್ನ ಕೈಗೆ ಕೆಲಸ ಬೇಕು ರತ್ನಾ. ಬೆಳಗಿನ ಚಹಾ ಆದ ಮೇಲೆ ಮಧ್ಯಾಹ್ನದ ಊಟದ ತನಕ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಇದನ್ನು ನಿನಗೆ ಹೇಳಿರಲಿಲ್ಲ. ಹೇಳಿದರೆ ನೀನು ಸುನೀಲರಾಯರನ್ನು ಕಳಿಸಿ ನನ್ನನ್ನು ಸವದತ್ತಿಗೆ ಎತ್ತಿಕೊಂಡು ಹೋಗುತ್ತೀ. ಅಳಿಯನ ಮನೆಯಲ್ಲಿ ಕುಳಿತರೂ ಊಟದ ಹೊತ್ತು ಬೇಗ ಬರುವುದಿಲ್ಲವಲ್ಲ.

ಡಿಮೆರಿಟ್ಸ್ ನೀನೇ ಹೇಳಿದ್ದೀ. ಮಂಡಿ ನೋವು, ವಯಸ್ಸು, ಗಾಡಿಯ ಕೆಳಗೆ ಮಲಗಿದರೆ ಏಳಿಸುವವರಾರು ಎಂಬುದು. ಮೇಲಾಗಿ, "ಸೆಲ್ಫ್ ಇಲ್ಲದ ಗಾಡಿ, ಸೆಲ್ಫ್ ಇಲ್ಲದ ಅಪ್ಪ, ಛಲೋ ಜೋಡಿ" ಎಂದು ನಕ್ಕೆಯಲ್ಲ, ಅದನ್ನೂ ಬರೆದುಕೊಂಡಿದ್ದೇನೆ. ನಮ್ಮ ಪ್ರೊಫೆಸರು ಸೆಲ್ಫ್ ಎಂದರೆ ರಿಫ್ಲೆಕ್ಸಿವ್ ಪ್ರೊನೌನ್ ಎಂದು ಕಲಿಸಿದ್ದರು, ಮೈಸೆಲ್ಫ್, ಹಿಮ್‌ಸೆಲ್ಫ್, ಇನ್ನೂ ಒಂದೆರಡು ಇದ್ದವು. ಸುರೇಬಾನದಲ್ಲಿ ಸೆಲ್ಫ್ ಎಂದರೆ ಇಂಜಿನ್ ಎಬ್ಬಿಸುವ ಮೋಟಾರು, ಅಷ್ಟೇ.

ಮೊನ್ನೆ ಅಲ್ಲಿಗೆ ಹೋದಾಗ ಏನಾಯಿತು ಎಂಬುದನ್ನು ನಿನಗೆ ಅರ್ಧವೇ ಹೇಳಿದ್ದೆ. ಫಕ್ರುಸಾಬನ ಮಗ ಏಜಾಜ ತನ್ನ ಟೆಂಪೋದ ಬ್ಯಾಟರಿ ಬಿಚ್ಚಿ ತಂದು ಜೋಡಿಸಿದ. "ಸೆಲ್ಫ್ ಒಂದ ಹೋಗೇತ್ರಿ ಕಾಕಾ. ಹ್ಯಾಂಡಲ್ ಹೊಡೀಬೇಕು, ಇಲ್ಲಾಂದ್ರ ನಾಕ ಮಂದಿ ದಬ್ಬಬೇಕು. ಉಳದದ್ದೆಲ್ಲಾ ಬರೋಬ್ಬರಿ ಐತ್ರಿ" ಎಂದ. ಒಳಗಿನಿಂದ ಕಾಶಿಂಬಿ ಅಕ್ಕ, "ಬರೋಬ್ಬರಿ ಇದ್ದಿದ್ರ ಒಳಗ ಕೋಳಿ ಯಾಕ ಇರ್ತಿದ್ವೋ?" ಎಂದಳು. ನಿಜ, ಹಿಂದಿನ ಸೀಟಿನಲ್ಲಿ ಒಂದು ಕೋಳಿ ಸಾಹುಕಾರರ ಹಾಗೆ ಕುಳಿತಿತ್ತು.

ಮುಂದಿನ ತೂತಿಗೆ ಹ್ಯಾಂಡಲ್ ತುರುಕಿ ನಾನೇ ತಿರುವುತ್ತೇನೆಂದೆ. ತಿರುವಿದೆ. ಇನ್ನೊಂದು ಸುತ್ತು, ಮತ್ತೊಂದು. ಇಂಜಿನ್ ಉಸಿರೂ ಬಿಡಲಿಲ್ಲ. ಏಜಾಜ ಹೊಟ್ಟೆ ಹಿಡಿದುಕೊಂಡು ನಗತೊಡಗಿದ: "ಕಾಕಾ, ಶಾವಿಗಿ ಮಾಡಾಕ್ಹತ್ತೀರೇನ್ರಿ? ಝಟಕಾ ಕೊಡ್ರಿ, ಝಟಕಾ!"

ಆಗ ನನ್ನ ಕೈ ನೋಡಿಕೊಂಡೆ. ಒಂದೇ ಸಮ, ನಿಧಾನ, ಎಳೆ ಹರಿಯದ ಹಾಗೆ ತಿರುವುತ್ತಿತ್ತು. "ಸಾವಕಾಶ ತಿರುವ್ರಿ, ಎಳಿ ಹರೀತಾವ" ಎಂದು ಪ್ರತಿ ಬೇಸಿಗೆಯಲ್ಲೂ ನಿಮ್ಮವ್ವ ಶಾವಿಗೆ ಮಶೀನಿನ ಮುಂದೆ ಬೈದು ಬೈದು ಕಲಿಸಿದ ಕೈ. ನಾನು ಹ್ಯಾಂಡಲ್ ಹಿಡಿದು ಹಾಗೇ ಬಗ್ಗಿ ನಿಂತುಬಿಟ್ಟೆ. ಏಜಾಜನಿಗೆ ತಿಳಿಯಲಿಲ್ಲ, ಕಾಶಿಂಬಿ ಅಕ್ಕನಿಗೆ ತಿಳಿಯಿತು. "ಸುಮ್ನಿರೋ ಬಾಡ್ಯಾ" ಎಂದು ಮಗನನ್ನು ಗದರಿಸಿ, ನನಗೆ ಹೇಳಿದಳು: "ಅಣ್ಣಾರ, ಸಾವಿತ್ರಕ್ಕ ಹೋದ ಮ್ಯಾಲ ಎರಡು ರಮಜಾನ ಅಂಗಡಿ ಶಾವಿಗ್ಯಾಗ ಕಳದ್ವಿ. ಹಬ್ಬಕ್ಕ ಸುರಕುಂಬಾ ಪಾಯಸ ಮಾಡಿದ್ರ ಅಂಬಲಿ ಆಗತೈತ್ರಿ. ಆಕಿ ಮಶೀನ ಎಲ್ಲೈತಿ?"

ಸಿಟ್ಟೋ ಏನೋ, ಹ್ಯಾಂಡಲ್‌ಗೆ ಒಂದು ಝಟಕಾ ಕೊಟ್ಟೆ. ಗಾಡಿ ಒಮ್ಮೆ ಢರ್ ಎಂದು ಕೆಮ್ಮಿ ಹೊಗೆ ಉಗುಳಿತು, ಕೋಳಿ ಕಿಟಕಿಯಿಂದ ಹಾರಿತು, ಕಾಶಿಂಬಿ ಅಕ್ಕ ನಮ್ಮಿಬ್ಬರಿಗೂ ಸಮನಾಗಿ ಬೈದಳು. ಅವಳು ರೋಜಾ ಉಪವಾಸ ಹಿಡಿದಿದ್ದರೂ ನನಗೆ ಚಹಾ ಮಾಡಿಕೊಟ್ಟಳು.

ಈಗ ಜಾಗದ ಮಾತು. ಓಣಿಯಲ್ಲಿ ನಿಲ್ಲಿಸಿದರೆ ನೀರಿನ ಟ್ಯಾಂಕರ್ ತಿರುಗುವುದಿಲ್ಲ. ಮುಂದಿನ ಅಂಗಳಕ್ಕೆ ಮೆಟ್ಟಿಲಿದೆ. ಉಳಿದದ್ದು ಹಿತ್ತಲಿನ ಪತ್ರಾಸ ತಗಡಿನ ಶೆಡ್ಡು. ಬಾಗಿಲು ಅಗಲವಿದೆ, ಹಿಂದಿನ ಓಣಿಯಿಂದ ನೇರ ಒಳಗೆ ಬರುತ್ತದೆ. ಇದು ನಿನಗೂ ಗೊತ್ತಿತ್ತು. ಗೊತ್ತಿದ್ದೇ "ಎಲ್ಲಿ ನಿಲ್ಲಸ್ತಿ" ಎಂದು ಕೇಳಿದೆಯೇನೋ ಎಂದು ರಾತ್ರಿ ಎಲ್ಲ ಅನಿಸಿತು. ಅದರ ನಟ್ಟನಡುವೆ ಬೆಂಚಿಗೆ ಬಿಗಿದ ಶಾವಿಗೆ ಮಶೀನು. ಪಕ್ಕದಲ್ಲಿ ಎಳೆ ಒಣಹಾಕುವ ಕೋಲುಗಳ ಕಟ್ಟು. ಗಾಡಿ ಒಳಗೆ ಬರಬೇಕಾದರೆ ಅದು ಹೊರಗೆ ಹೋಗಬೇಕು. ನೀನು ಎರಡು ಬೇಸಿಗೆಯಿಂದ ಆ ಮಶೀನು ಕೇಳುತ್ತಿದ್ದೀ. ನಾನು ಪ್ರತಿ ಸಲವೂ ಶೆಡ್ಡಿನ ಕೀಲಿಕೈ ಸಿಗುತ್ತಿಲ್ಲ ಎನ್ನುತ್ತಿದ್ದೆ.

ಪಂಪ್‌ಸೆಟ್ಟನ್ನು ನಾಲ್ಕು ತಿಂಗಳು ತಿರುವದೆ ಬಿಟ್ಟರೆ ಶಾಫ್ಟ್ ಹಿಡಿದುಕೊಳ್ಳುತ್ತದೆ ಎಂದು ರೈತರಿಗೆಲ್ಲ ಹೇಳುತ್ತಿದ್ದವನು ನಾನೇ. ಫಕ್ರುಸಾಬನ ಗಾಡಿ ನೋಡಿ ಅಯ್ಯೋ ಎಂದವನೂ ನಾನೇ. ವೇರ್‌ಆ್ಯಸ್ ನನ್ನ ಹಿತ್ತಲಿನಲ್ಲಿ ನಿಮ್ಮವ್ವನ ಮಶೀನನ್ನು ಏನು ಮಾಡಿಟ್ಟಿದ್ದೇನೆ, ಹೇಳು?

ಹೆನ್ಸ್, ಗಾಡಿ ತೆಗೆದುಕೊಳ್ಳುತ್ತೇನೆ. ನೋಡು, ಈ ಸಲ ಮುಟ್ಟಿದೆ. ಆದರೆ ಗಾಡಿ ಬರುವುದು ರಮಜಾನ ಹಬ್ಬದ ಮೇಲೆ. ಅದಕ್ಕೂ ಮೊದಲು ಮಶೀನನ್ನು ಮುಂದಿನ ಕಟ್ಟೆಗೆ ತಂದು ಬಿಗಿಯಬೇಕು. ನೀನು ಬರುವ ರವಿವಾರ ಬಾ. ಜವೆ ಗೋಧಿ ರವೆ ನಾನು ತರಿಸಿಡುತ್ತೇನೆ, ಹಿಟ್ಟಿನ ಹದ ನಿನಗೆ ಗೊತ್ತು. ನಾನು ತಿರುವುತ್ತೇನೆ, ನೀನು ಎಳೆ ಹಿಡಿ. ಕಾಶಿಂಬಿ ಅಕ್ಕನಿಗೊಂದು ಡಬ್ಬಿ, ನಿನಗೊಂದು. ಸುನೀಲರಾಯರು ಕೋಲು ಹಿಡಿದು ನಿಲ್ಲಲಿ, ಎತ್ತರ ಇದ್ದಾರೆ. ಆಮೇಲೆ ಮಶೀನು ನಿನ್ನದು. ಗಾಡಿ ರೆಡಿಯಾದ ದಿನ ಮೊದಲ ಸವಾರಿ ಸವದತ್ತಿಗೇ, ಡಿಕ್ಕಿಯಲ್ಲಿ ಮಶೀನು ಇಟ್ಟುಕೊಂಡು ಬರುತ್ತೇನೆ. ದಾರಿಯಲ್ಲಿ ನಿಂತರೆ ಫೋನ್ ಮಾಡುತ್ತೇನೆ, ದಬ್ಬಲು ಬನ್ನಿ.

ಇನ್ನೂ ಬಣ್ಣ ಯಾವುದು ಎಂದು ಕೇಳಬೇಕಿತ್ತು, ನಿನಗೆ ಕೆನೆ ಬಣ್ಣ ಇಷ್ಟವೋ, ಇಲ್ಲ... ಅಕ್ಷರ ಕಾಣಿಸುತ್ತಿಲ್ಲವ್ವ. ಬೆಳಕು ಹೋಗುತ್ತಿದೆ, ಇಲ್ಲಿ ಬಲ್ಬು ಇಲ್ಲ.

ನಿನ್ನ
ಅಪ್ಪ ದುಂಡಪ್ಪ

ತಾ.ಕ.: ಬಲ್ಬಿಲ್ಲದ್ದು ಯಾವ ಜಾಗ ಎಂದು ನಿನಗೆ ತಿಳಿದೇ ಇರುತ್ತದೆ. ಹೌದು, ಶೆಡ್ಡಿನಲ್ಲೇ ಕುಳಿತು ಬರೆದೆ, ನಿಮ್ಮವ್ವನ ಬೆಂಚಿನ ಮೇಲೆ ಕಾಗದ ಇಟ್ಟುಕೊಂಡು. ಕೀಲಿಕೈ ಕಳೆದಿರಲಿಲ್ಲ, ನನ್ನ ಉಡದಾರದಲ್ಲೇ ಇತ್ತು. ಮಶೀನಿನ ಹ್ಯಾಂಡಲ್‌ಗೆ ಎಣ್ಣೆ ಬಿಟ್ಟಿದ್ದೇನೆ, ತಿರುಗುತ್ತಿದೆ. ಮಶೀನಿನ ಬಾಯಲ್ಲಿ ಅವಳ ಕಡೆಯ ಹಿಟ್ಟಿನ ಒಂದೆರಡು ಎಳೆ ಒಣಗಿ ಹಾಗೇ ನಿಂತಿವೆ. ಅದನ್ನು ಮಾತ್ರ ತೆಗೆದಿಲ್ಲ. ನೀನು ಬಂದ ಮೇಲೆ ನೀನೇ ತೆಗೆ.