‘ರೋಗಿ ಸಹಕರಿಸಲಿಲ್ಲ’ ಎಂದು ಬರೆದ ಅಧೀಕ್ಷಕರಿಗೆ

ಆಸ್ಪತ್ರೆಯ ಅಧೀಕ್ಷಕರೇ,

ನನ್ನನ್ನು ಸಾಕಿದ ದೊಡ್ಡಮ್ಮನ ಕರುಳು ಹರಿದದ್ದಕ್ಕೆ ನೀವು ಕೊಟ್ಟ ಕಾರಣ ಎರಡೇ ಪದ: ‘ರೋಗಿ ಸಹಕರಿಸಲಿಲ್ಲ’. ಹಾಗಾದರೆ ಸಹಕಾರ ಹೇಗಿತ್ತೆಂದು ಕೇಳಿ. ಅವಳನ್ನು ಮೇಜಿನ ಮೇಲೆ ಅದುಮಿ ಹಿಡಿದಿದ್ದವಳು ನಾನೇ.

ಅವಳಿಗೆ ಮಲದಲ್ಲಿ ರಕ್ತ ಬೀಳುತ್ತಿತ್ತು. ದೊಡ್ಡ ಕರುಳಿನೊಳಗೆ ಕ್ಯಾಮೆರಾದ ಕೊಳವೆ ಬಿಟ್ಟು ನೋಡಬೇಕು ಎಂದಿರಿ, ಬಂದೆವು. ಹೊಟ್ಟೆ ತೊಳೆಯುವ ಔಷಧಿಯನ್ನು ಒಂದು ತೊಟ್ಟೂ ಬಿಡದೆ ಕುಡಿದಳು. “ನಮ್ಮ ಅಡುಗೆಮನೆನೂ ಈಗ ನನ್ನ ಹೊಟ್ಟೆಯಷ್ಟು ಚೊಕ್ಕ ಇಲ್ಲ ಕಣೆ. ಡಾಕ್ಟ್ರು ಚಪ್ಪಲಿ ಬಿಟ್ಟು ಒಳಗೆ ಹೋಗ್ಲಿ” ಎಂದು ಸಾಲಿನಲ್ಲಿ ಕೂತವರನ್ನೆಲ್ಲ ನಗಿಸಿದಳು. ಇದು ಅಸಹಕಾರವೇ?

ಅವಳನ್ನು ಒಳಗೆ ಕರೆದೊಯ್ದ ಸ್ವಲ್ಪ ಹೊತ್ತಿಗೆ ಅವಳ ಕಿರುಚಾಟ ಕೇಳಿತು. ಆಯಾ ಹೊರಗೆ ಇಣುಕಿ, “ಗಟ್ಟಿಮುಟ್ಟಾಗಿದ್ದೀಯಲ್ಲಮ್ಮ, ಬಾ, ಭುಜ ಹಿಡ್ಕೋ” ಎಂದಳು. ನಿಮ್ಮಲ್ಲಿ ಅದೇ ರೂಢಿ: ಮಂಪರಿನ ಔಷಧಿ ಸಾಲದಿದ್ದರೆ ಸಂಬಂಧಿಕರ ತೋಳು. ಹಿಡಿದೆ. ಕೊಳವೆ ಒಳಗೆಲ್ಲೋ ಸುತ್ತಿಕೊಂಡು ನಿಂತಿತ್ತು. ಕ್ಯಾಮೆರಾದ ಪರದೆಯ ಮೇಲೆ ದಾರಿಯೇ ಕಾಣುತ್ತಿರಲಿಲ್ಲ, ಬರೀ ಕೆಂಪು. ವೈದ್ಯರು ಮೈಭಾರ ಹಾಕಿ ತಳ್ಳಿದರು. ದೊಡ್ಡಮ್ಮ ನನ್ನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದಳು.

“ನಿಲ್ಸಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ.”

“ಇನ್ನೇನು ಆಯ್ತು, ಸುಮ್ನೆ ಮಲ್ಕೋಮ್ಮ” ಎಂದು ಮತ್ತೆ ತಳ್ಳಿದರು. ಆಮೇಲೆ ಅವಳು ಕಿರುಚಲಿಲ್ಲ. ಹೊಟ್ಟೆ ಹಲಗೆಯಂತೆ ಬಿಗಿದುಕೊಂಡಿತು. ನನ್ನ ಅಂಗೈಯಡಿಯಲ್ಲೇ ಅವಳ ಮೈ ತಣ್ಣಗಾಯಿತು.

ಹೊಟ್ಟೆ ಕೊಯ್ದು ಜೀವ ಉಳಿಸಿದ ನಿಮ್ಮದೇ ಶಸ್ತ್ರವೈದ್ಯರನ್ನು ಕೇಳಿದೆ. “ದಾರಿ ಕಾಣದೆ ತಳ್ಳಬಾರದು. ಸುತ್ಕೊಂಡ್ರೆ ಹಿಂದಕ್ಕೆಳೆದು ನೇರ ಮಾಡ್ಬೇಕು, ಇಲ್ಲ ಮಗ್ಗುಲು ಬದಲಿಸಿ ಮಲಗಿಸ್ಬೇಕು. ಆಗ್ಲಿಲ್ವಾ, ಬಿಟ್ಟು ಇನ್ನೊಂದಿನ ಮಾಡ್ಬೇಕು” ಎಂದರು. ಇದು ಮೊದಲ ಪಾಠವಂತೆ. ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಯಾವ ಕೆಲಸದಲ್ಲೂ ನೆಟ್ಟಗೆ ನಿಂತವಳಲ್ಲ. ನಾನು ತಪ್ಪಿಸಿಕೊಂಡ ಪಾಠದಿಂದ ಯಾರ ಕರುಳೂ ಹರಿದಿಲ್ಲ. ನಿಮ್ಮ ವೈದ್ಯರು ಯಾವ ಪಾಠಕ್ಕೆ ಚಕ್ಕರ್ ಹೊಡೆದಿದ್ದರು?

ಸುಳ್ಳು ಹೇಳಲಾರೆ. ಒಳ್ಳೆಯ ಕೈಯಲ್ಲೂ ಕರುಳು ತೂತಾಗಬಹುದೆಂದು ಮೊದಲೇ ತಿಳಿಸಿದ್ದಿರಿ, ಒಪ್ಪಿ ಸಹಿ ಹಾಕಿದ್ದೆವು. ಆದರೆ ಕಾಲಿಗೆ ಬೀಳುತ್ತೇನೆ ಎಂದ ಮೇಲೂ ತಳ್ಳಿದ್ದು ಆಕಸ್ಮಿಕವೇ? ಆ ನೋವು ಒಳಗಿನಿಂದ ಬಂದ ಎಚ್ಚರಿಕೆ. ಅದನ್ನು ಅದುಮಲು ನನ್ನ ತೋಳು ಬಳಸಿದಿರಿ.

ಈಗ ಮಲ ಬೀಳಲು ಅವಳ ಹೊಟ್ಟೆಗೆ ಚೀಲ ಅಂಟಿಸಿದೆ. ರಕ್ತ ಎಲ್ಲಿಂದ ಬರುತ್ತಿತ್ತೋ ಆ ಜಾಗವನ್ನು ಇನ್ನೂ ಯಾರೂ ನೋಡಿಲ್ಲ. ಗಡ್ಡೆಯಾಗಿದ್ದರೆ ತಡ ಮಾಡುವಂತಿಲ್ಲ ಎನ್ನುತ್ತಾರೆ ಶಸ್ತ್ರವೈದ್ಯರು. “ಸತ್ರೂ ಸರಿ, ಆ ಮೇಜು ಹತ್ತಲ್ಲ” ಎನ್ನುತ್ತಾಳೆ ದೊಡ್ಡಮ್ಮ. ಊರಿಗೆಲ್ಲ ಆ ಯಂತ್ರ ಇರುವುದು ನಿಮ್ಮಲ್ಲೊಂದೇ.

ಆದ್ದರಿಂದ ಆದೇಶ ಹೊರಡಿಸಿ. ಆ ವೈದ್ಯರು ಮತ್ತೆ ಕಲಿತು ಬರುವವರೆಗೆ ಕೊಳವೆ ಮುಟ್ಟಕೂಡದು. ಮಂಪರು ಸರಿಯಾಗಿ ಹಿಡಿಯದೆ ಪರೀಕ್ಷೆ ಶುರುವಾಗಕೂಡದು. ರೋಗಿ ಸಾಕೆಂದರೆ ಕೈ ನಿಲ್ಲಬೇಕು. ಅಷ್ಟಾದರೆ ದೊಡ್ಡಮ್ಮನನ್ನು ಒಪ್ಪಿಸಿ ನಾನೇ ಕರೆತರುತ್ತೇನೆ. ನಾನೂ ಒಳಗೇ ಇರುತ್ತೇನೆ. ಅವಳು ಸಾಕೆಂದ ಮೇಲೂ ತಳ್ಳಿದರೆ, ಈ ಸಲ ನಾನು ಅದುಮಿ ಹಿಡಿಯುವುದು ವೈದ್ಯರ ಮಣಿಕಟ್ಟನ್ನು.

ಇಂತಿ,
ಒಂದು ಸಲ ನಿಮಗೆ ವಿಧೇಯಳಾದ ದಡ್ಡಿ