ಉಸಿರಿಗೆ ಜಾಗವಿರುವ ಹಾಡು

ನಮ್ಮ ಮನೆತನದ ಮೊದಲ ಹಾಡುಗಾರ್ತಿ ರುಕ್ಕು ಅತ್ತೆಗೆ,

ಪಾಲಕೋಡಿನಲ್ಲಿ ನಡೆದದ್ದನ್ನು ಅಪ್ಪನಿಗೆ ಹೇಳಿದೆ, ಕನ್ನಡಕದ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವವರಿಗೆಲ್ಲ ಹೇಳಿದೆ. ಕಣ್ಣು ತೋರಿಸಲು ಬಂದ ಒಬ್ಬ ಅಜ್ಜಿಗೂ ಹೇಳಿದೆ. ಆದರೂ ಇನ್ನೂ ಯಾರಿಗೋ ಹೇಳುವುದು ಬಾಕಿ ಇದೆ ಅಂತ ಅನ್ನಿಸುತ್ತಲೇ ಇತ್ತು. ಯಾರಿಗೆ ಅಂತ ಬೇರೆ ಹೇಳಬೇಕೇ?

ಸೇಲಂನ ನಿನ್ನ ಮನೆಯ ಮಹಡಿಯಲ್ಲಿ ನಾವು ಮೂವರು ಮೊದಲ ಸಲ ಬಾರಿಸಿದ ಭಾನುವಾರ ನೆನಪಿದೆಯಾ? ನಾನು ಗಿಟಾರು, ಕೊರಿಯರ್ ಆಫೀಸಿನ ಸೆಲ್ವಿ ಬೇಸ್ ಗಿಟಾರು, ಶಾಲೆಯಲ್ಲಿ ಆಟ ಕಲಿಸುವ ಜೆನಿ ಟೀಚರು ಡ್ರಮ್ಸು. ಮೂವರೂ ಫೋನು ನೋಡಿ ಕಲಿತವರು. ಹಾಡು ಆರಿಸಿದ್ದು ಸೆಲ್ವಿ. ಅವಳಿಗೆ ಜಪಾನಿನ ವೋಕಲಾಯ್ಡ್ ಹಾಡುಗಳೆಂದರೆ ಪ್ರಾಣ: ಮಾತು ಮತ್ತು ಸ್ವರ ತುಂಬಿಸಿದರೆ ಕಂಪ್ಯೂಟರೇ ಹುಡುಗಿಯ ದನಿಯಲ್ಲಿ ಹಾಡುತ್ತದೆ, ಹಿಂದೆ ಗಿಟಾರು, ಡ್ರಮ್ಸುಗಳ ಅಬ್ಬರ. ಅದರಲ್ಲೂ ಎಲ್ಲಕ್ಕಿಂತ ವೇಗದ್ದನ್ನೇ ಎತ್ತಿಕೊಂಡಿದ್ದೆವು. ಅರ್ಧ ಹಾಡಿಗೆ ಜೆನಿಯ ಡ್ರಮ್ಸಿನ ಕೋಲು ಹಾರಿ ನೀನು ಒಣಗಲು ಹಾಕಿದ್ದ ಸಂಡಿಗೆಯ ಮೇಲೆ ಬಿತ್ತು. ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಬಂದೆ.

"ಏನಮ್ಮಿ ಇದು? ಹಾಡಾ, ಇಲ್ಲ ತೊಪ್ಪೂರು ಘಾಟಿನಾಗೆ ಬ್ರೇಕ್ ಓದ ಲಾರಿಯಾ?"

ಸೆಲ್ವಿ ಬೇಜಾರು ಮಾಡಿಕೊಂಡು ಮೂಲ ಹಾಡನ್ನೇ ಕೇಳಿಸಿದಳು. ನೀನು ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣರಳಿಸಿದೆ. "ಅಯ್ಯೋ, ಈ ಉಡ್ಗಿ ಉಸ್ರೇ ಎತ್ಕಳಾಕಿಲ್ವಲ್ಲೇ!"

"ಅತ್ತೆ, ಅದು ಹುಡುಗಿ ಅಲ್ಲ, ಕಂಪ್ಯೂಟರು."

"ಅದ್ಕೇ ಮತ್ತೆ! ಅದುಕ್ಕೆ ಉಸ್ರು ಬ್ಯಾಡ. ನಿಮ್ಗೆ ಬ್ಯಾಡ್ವಾ?"

ಮದುವೆ ಮನೆಗಳಲ್ಲಿ ನೀನು ಹಾಡುತ್ತಿದ್ದದ್ದನ್ನು ನಾನು ಕಂಡಿದ್ದು ಮಂಜುಮಂಜಾಗಿ ನೆನಪು. ಮೆಟ್ಟೂರಿನಿಂದ ಮೊರಪ್ಪೂರಿನವರೆಗೆ ನಿಮ್ಮ ಆರ್ಕೆಸ್ಟ್ರಾ ವ್ಯಾನು ಹೋಗದ ಮಂಟಪವಿರಲಿಲ್ಲವಂತೆ. ಅದು ನಿಂತ ಮೇಲೆ ನೀನು ಹಾಡಿದ್ದೆಲ್ಲ ಅಡುಗೆಮನೆಯಲ್ಲೇ. ನಮ್ಮ ಗಲಾಟೆ ನಿನ್ನೊಳಗೆ ಏನನ್ನು ಎಬ್ಬಿಸಿತೋ. ಮುಂದಿನ ಭಾನುವಾರ ನಾವು ಬರುವ ಮೊದಲೇ ಮಹಡಿಯಲ್ಲಿ ಚಾಪೆ ಹಾಸಿತ್ತು. "ಒಂದೊಂದಾಗಿ ಆಕಿ, ಕೇಳಾಣ," ಅಂದೆ ನೀನು.

ಹಾಗೆ ಶುರುವಾಯಿತು ನಮ್ಮ ಹಾಡು ಹುಡುಕಾಟ. ನೀನು ಕಣ್ಣುಮುಚ್ಚಿ ಕೂರುತ್ತಿದ್ದೆ. ಉಸಿರೆಳೆಯಲು ಸಂದು ಸಿಕ್ಕಲ್ಲಿ ನಿನ್ನ ತೋರುಬೆರಳು ಮೇಲೇಳುತ್ತಿತ್ತು. ಬೆರಳು ಏಳದೇ ಹೋದರೆ "ಅಡುತ್ತದು" ಅಂತ ತಮಿಳಿನಲ್ಲಿ ತೀರ್ಪು, ಮುಂದಿನದು ಹಾಕಬೇಕು. ನಡುವೆ ನಡೆ ಬದಲಾಯಿಸುವ ಹಾಡು ಜೆನಿಗೆ ಬೇಡ. ನನಗೆ ಗಿಟಾರಿನ ನಾಲ್ಕೇ ಕಾರ್ಡು, ಅದೇ ಸ್ವರದ ಗೊಂಚಲು, ಸುತ್ತಿ ಸುತ್ತಿ ಬರುವಂಥದ್ದು ಬೇಕು. ಸೆಲ್ವಿಯೋ, ತನ್ನ ಇಷ್ಟದ ಹಾಡುಗಳೆಲ್ಲ ಒಂದೊಂದಾಗಿ ಉದುರುವುದನ್ನು ನೋಡಿ ಉಗುರು ಕಚ್ಚುತ್ತಿದ್ದಳು. ಕೊನೆಗೆ ಒಂದು ಸಿಕ್ಕಿತು. ರೈಲ್ವೆ ಗೇಟಿನ ಹತ್ತಿರ ಯಾರನ್ನೋ ಕಾಯುವ ಹಾಡು ಅಂತ ಸೆಲ್ವಿ ವಿವರಿಸಿದಳು. ನಿಧಾನದ ನಡೆ, ಉದ್ದುದ್ದ ಸ್ವರಗಳು. ಸ್ವರ ಮಾತ್ರ ಮುಗಿಲಿಗೆ ಮುಟ್ಟುವಷ್ಟು ಮೇಲಿತ್ತು.

"ಇಳ್ಸಿ," ಅಂದೆ ನೀನು.

"ಒರಿಜಿನಲ್ ಹಾಗಿಲ್ಲವಲ್ಲ ಆಂಟಿ," ಅಂತ ಸೆಲ್ವಿ ತಮಿಳಿನಲ್ಲಿ ಗೊಣಗಿದಳು.

"ಅಕ್ಕನ ರವಿಕೇನ ಅಂಗೇ ಆಕ್ಕಂಡು ಮದ್ವೆಗೆ ಓಗ್ತೀಯಾ? ಇಡ್ಸಿ, ಒಲ್ಸಿ ಆಕ್ಕಳಾಕಿಲ್ವಾ?" ನಾನು ತಮಿಳಿಗೆ ತಿರುಗಿಸಿ ಹೇಳುವ ಮೊದಲೇ ಸೆಲ್ವಿ ನಕ್ಕುಬಿಟ್ಟಳು. ನಡುವಿನ ಗಿಟಾರಿನ ಸರ್ಕಸ್ಸನ್ನೂ ನೀನು ಕಿತ್ತುಹಾಕಿಸಿದೆ. "ಆ ಜಾಗದಾಗೆ ಜನ ಕೈ ತಟ್ಲಿ. ಅವ್ರೂ ಸುಮ್ಕೆ ಕೂತಿರ್ತಾರಲ್ಲ."

ಹಾಡುವವರು ಯಾರು ಅನ್ನುವ ಪ್ರಶ್ನೆ ಬಂದಾಗ ನಾವು ಮೂವರೂ ನಿನ್ನತ್ತ ನೋಡಿದ್ದು ನೆನಪಿದೆಯಾ? "ಓಗ್ರೇ, ಅರವತ್ತು ದಾಟೈತೆ ನಂಗೆ," ಅಂತ ಎದ್ದು ಹೋದವಳು ಮೆಟ್ಟಿಲ ತುದಿಯಿಂದ ಕೂಗಿ ಕೇಳಿದೆ, "ಸ್ಟೇಜಿಗೆ ಯಾವ್ ಕಲರ್ ಸೀರೆ?" ಜಪಾನಿ ಸಾಲುಗಳನ್ನು ಸೆಲ್ವಿ ತಮಿಳು ಅಕ್ಷರದಲ್ಲಿ ಬರೆದುಕೊಟ್ಟಳು. ನೀನು ಗ್ಯಾಸ್ ಒಲೆಯ ಮೇಲಿನ ಗೋಡೆಗೆ ಅದನ್ನು ಅಂಟಿಸಿಕೊಂಡು ಸಾರಿಗೆ ಒಗ್ಗರಣೆ ಹಾಕುತ್ತ ಬಾಯಿಪಾಠ ಮಾಡಿದೆ. ಅರ್ಥ ಗೊತ್ತಿಲ್ಲದೆ ಹೇಗೆ ಹಾಡುತ್ತೀ ಅಂದರೆ, "ಇಂದಿ ಸಿನ್ಮಾ ಹಾಡ್ನ ಅರ್ಥ ತಿಳ್ಕಂಡಾ ಆಡ್ತಿದ್ದೆ? ರಾಗ ಅಳೋವಾಗ ನಾನೂ ಅಳ್ತಿದ್ದೆ, ಅಷ್ಟೇಯಾ," ಅಂದೆ. ಅತ್ತೆ, ನೀನು ಹಾಡಿದಾಗ ಅದು ಕಂಪ್ಯೂಟರಿನ ಹಾಡು ಅಂತ ನಮಗೆ ಮರೆತೇಹೋಗುತ್ತಿತ್ತು.

ಪಾಲಕೋಡಿನ ಮಹಿಳಾ ಸಂಘದ ಕಾರ್ಯಕ್ರಮಕ್ಕೆ ಜೆನಿ ಒಪ್ಪಿಕೊಂಡು ಬಂದಳು. ನೀನು ನೀಲಿ ಸೀರೆಗೆ ಇಸ್ತ್ರಿ ಹಾಕಿಸಿದೆ. ಆಮೇಲೆ ಆ ಬೆಳಿಗ್ಗೆ... ಹಾಲು ಕಾಯಲಿಟ್ಟು ಕುರ್ಚಿಯಲ್ಲಿ ಕೂತವಳು. ಒಂದು ಮಾತು ಹೇಳಬಾರದಿತ್ತೇ? ಇರಲಿ. ಅದನ್ನು ಬರೆಯಲು ಕೂತಿಲ್ಲ ನಾನು.

ತಿಥಿ ಮುಗಿದ ಮೇಲೆ ಡ್ರಮ್ಸು ಸಾಗಿಸಲು ಬಂದೆವು. ಕಾರ್ಯಕ್ರಮಕ್ಕೆ ಬರುವುದಿಲ್ಲ ಎಂದು ಸಂಘದವರಿಗೆ ಹೇಳಲು ತೀರ್ಮಾನಿಸಿದ್ದೆವು. ಮಾವ ಮೆಟ್ಟಿಲಿಗೆ ಅಡ್ಡ ಕೂತಿದ್ದರು. "ಎತ್ಕಂಡು ಓಗಿ, ಬ್ಯಾಡ ಅನ್ನಲ್ಲ. ಒಂದ್ಸಲ ಬಾರ್ಸಿ ಓಗಿ," ಅಂದರು. ಹಾಡಲು ಯಾರೂ ಇಲ್ಲ ಅಂತ ಸೆಲ್ವಿ ಕಂಪ್ಯೂಟರಿನ ದನಿಯನ್ನೇ ಹಾಕಿದಳು. ಜೆನಿ ತಾಳದಲ್ಲಿ ಹಿಂದೆ ಬಿದ್ದಳು. ಆ ದನಿ ಹಿಂತಿರುಗಿ ನೋಡದೆ ಮುಂದೆ ಹೋಗಿ, ತನ್ನ ಪಾಡಿಗೆ ಹಾಡು ಮುಗಿಸಿತು. ಮಾವ ಕಣ್ಣೊರೆಸಿಕೊಂಡು ಅಂದರು, "ಚೆನ್ನಾಗೇ ಆಡ್ತೈತೆ. ನಿಮ್ಗೋಸ್ಕರ ನಿಲ್ಲಾಕಿಲ್ಲ, ಅಷ್ಟೇ. ನೀನೇ ಆಡಮ್ಮಿ, ಶಾಂತಿ." ಮಾವ ನನ್ನನ್ನು ಹೆಸರು ಹಿಡಿದು ಕೇಳಿದ್ದು ಅದೇ ಮೊದಲು. ಇಲ್ಲ ಅನ್ನುವುದು ಹೇಗೆ?

ಪಾಲಕೋಡಿನ ಆ ಮಂಟಪವನ್ನು ನೀನು ನೋಡಬೇಕಿತ್ತು. ಮುಂದಿನ ಸಾಲಿನಲ್ಲಿ ಮಲ್ಲಿಗೆ ಮುಡಿದ ಹೆಂಗಸರು, ತೊಡೆಯ ಮೇಲೆ ಮಕ್ಕಳು. ಕೋಲಾಟ ಮುಗಿದು ನಮ್ಮ ಸರದಿ. ಜೆನಿ ತಮಿಳಿನಲ್ಲಿ ಒಣ್ಣು, ರೆಂಡು ಎಂದು ಎಣಿಸಿದಳು. ಮೊದಲ ಚರಣ ಸರಾಗವಾಗಿ ಬಂತು. ನೀನು ಬೆರಳೆತ್ತಿದ ಜಾಗಗಳಲ್ಲೆಲ್ಲ ಉಸಿರೆಳೆದೆ. ಜನ ಕೈ ತಟ್ಟುವ ಜಾಗದಲ್ಲಿ ತಟ್ಟಿಯೇ ತಟ್ಟಿದರು, ನಿಲ್ಲಿಸಲೇ ಇಲ್ಲ. ಆ ಖುಷಿಗೆ ನನ್ನ ತಲೆಯಿಂದ ಎರಡನೇ ಚರಣ ಪೂರ್ತಿ ಅಳಿಸಿಹೋಯಿತು. ಒಂದಕ್ಷರವೂ ಇಲ್ಲ! ಬೇಸು ಮುಂದೆ ನಡೆಯುತ್ತಿದೆ, ಬಾಯಿ ತೆರೆದುಕೊಂಡಿದೆ, ಏನು ಹಾಡಲಿ? ಬಾಯಿಗೆ ಬಂದದ್ದು ನಮ್ಮ ಮನೆಮಾತು ಕನ್ನಡ.

"ಸೊಪ್ಪು ಸೋಸು, ಸಾರು ಇಕ್ಕು, ಬೆಕ್ಕು ಬಂತು ಬಾಗ್ಲು ಹಾಕು..."

ತಾಳಕ್ಕೆ ಸರಿಯಾಗಿ ಕೂತಿತು ಅತ್ತೆ! ಸೆಲ್ವಿಯ ಕಣ್ಣು ಹೊರಗೇ ಬಂದಿತ್ತು. ತಮಿಳು ಮಾತಿನ ಸಭೆ ಮಾತ್ರ ಜಪಾನಿ ಭಾಷೆಯೆಂದೇ ನಂಬಿ ತಲೆದೂಗುತ್ತಿತ್ತು. ಹಿಂದಿನ ಸಾಲಿನ ಒಬ್ಬಳನ್ನು ಬಿಟ್ಟು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು, ಪಕ್ಕದವಳ ಭುಜಕ್ಕೆ ಒರಗಿ, ಅಳುವ ಹಾಗೆ ನಗುತ್ತಿದ್ದಳು. ನಾನು ಅವಳನ್ನೇ ನೋಡುತ್ತ ರಾಗಿ ಬೀಸುವುದನ್ನೂ ಸೇರಿಸಿ ಹಾಡು ಮುಗಿಸಿದೆ. "ಒನ್ಸ್ ಮೋರ್" ಅಂತ ಕೂಗಿದರು ಜನ.

ಇಳಿದು ಬರುವಾಗ ಅವಳು ವೇದಿಕೆಯ ಹಿಂದೆ ಕಾದು ನಿಂತಿದ್ದಳು.

"ಏನಮ್ಮೋ, ಜಪಾನ್‌ನಾಗೂ ಸೊಪ್ಪು ಸೋಸ್ತಾರಾ?"

ಅವಳ ಹೆಸರು ರತ್ನ. ಪಾಲಕೋಡಿನ ಪಕ್ಕದ ಹಳ್ಳಿಯವಳು, ಟೊಮೇಟೊ ಬೆಳೆದು ತಾನೇ ಕೂಗಿ ಮಾರುತ್ತಾಳೆ. "ನಾಕು ಜನದ ಮುಂದೆ ನಮ್ಮ ಮಾತು ಮೈಕಿನಾಗೆ ಕೇಳಿದ್ದು ಇವತ್ತೇ ಕಣಮ್ಮೋ. ನನ್ ಮಗ್ಳು ಮನೇಲೂ ತಮಿಳೇ ಆಡ್ತಾಳೆ. ಅವ್ಳೂ ನಕ್ಕುಬುಟ್ಳು," ಅಂದಳು. ಆ ಗದ್ದಲದಲ್ಲೂ ಅವಳ ದನಿ ಗಂಟೆ ಹೊಡೆದಂತೆ ಕೇಳುತ್ತಿತ್ತು. ಸೆಲ್ವಿ ನನ್ನ ಮೊಣಕೈ ತಿವಿದಳು. ಹಾಡ್ತೀರಾ ಅಕ್ಕಾ ಅಂತ ಅಲ್ಲೇ ಕೇಳಿಬಿಟ್ಟೆ.

ಹೋದ ಭಾನುವಾರ ಅವಳು ಒಂದು ಬುಟ್ಟಿ ಟೊಮೇಟೊ ಹೊತ್ತು ನಿನ್ನ ಮಹಡಿಗೆ ಬಂದಳು ಅತ್ತೆ. ಅವಳ ದನಿ ನಿನ್ನದಕ್ಕಿಂತ ದಪ್ಪ, ಹಾಡನ್ನು ಇನ್ನೂ ಕೆಳಗಿಳಿಸಿದ್ದೇವೆ. ಮುಂದಿನದಕ್ಕೆ ಹುಡುಕುವ ಗೋಜಿಲ್ಲ. ನಮ್ಮದೇ ರಾಗ, ನಮ್ಮದೇ ಮಾತು, ನಾಲ್ಕೇ ಕಾರ್ಡು. ಮಾಡಿಯೇ ತೀರುತ್ತೇವೆ, ಮಾತು ಕೊಡುತ್ತಿದ್ದೇನೆ.

ಇನ್ನೊಂದು ಸುದ್ದಿ ಇದೆ, ಕೂತುಕೊಂಡು ಕೇಳು. ಮಾವ ನಮ್ಮ ತಂಡ ಸೇರಿದ್ದಾರೆ. ಅಂಗಡಿಗೆ ಹೋಗಿ ಖಂಜರಿಯಂಥ ಒಂದು ಟ್ಯಾಂಬರಿನ್ ತಂದು, ಇಸ್ತ್ರಿ ಅಂಗಿ ತೊಟ್ಟು, ಎಲ್ಲರಿಗಿಂತ ಮುಂಚೆ ಮಹಡಿಗೆ ಬಂದು ಕೂರುತ್ತಾರೆ. ಒಂದು ಏಟೂ ತಾಳಕ್ಕೆ ಬೀಳುವುದಿಲ್ಲ. ಅವರಿಗೆ ಅದನ್ನು ಹೇಳುವ ಮನಸ್ಸು ನಮ್ಮಲ್ಲಿ ಯಾರಿಗೂ ಇಲ್ಲ.

ನಿನ್ನ,
ಶಾಂತಿ