ಏಳನೆಯ ಗುಚ್ಛದ ವಯಸ್ಸು

ಮನೆಯಿಂದ,
ಹನ್ನೊಂದನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಿವಿನೋವು ಹೋಯಿತೇ? ದೂರದರ್ಶಕದ ಗುಮ್ಮಟದೊಳಗೆ ಹೀಟರ್ ಹಾಕುವಂತಿಲ್ಲ ಎಂಬುದು ನನಗೂ ಗೊತ್ತು, ಆದರೆ ಟೋಪಿ ಹಾಕಬಾರದೆಂದು ಯಾರೂ ಹೇಳಿಲ್ಲವಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ಪಾಪುವಿಗೆ ನಾಲ್ಕು ತಿಂಗಳು ತುಂಬಿತು. ಹೆಗಲ ಮೇಲಿದ್ದರೆ ನಿದ್ದೆ, ಕೆಳಗಿಳಿಸಿದರೆ ಎಚ್ಚರ. ಹಾಗಾಗಿ ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಬೈಯಬೇಡ. ಮುನ್ನೂರ ನಲವತ್ತೊಂದು ಲೇಖನಗಳಲ್ಲಿ ನಿನ್ನ ಲೇಖನವನ್ನು ಉಲ್ಲೇಖಿಸಿದ್ದಾರೆ ಎಂದು ಅಮ್ಮನಿಗೆ ವಿವರಿಸಿದ್ದೇ ತಪ್ಪಾಯಿತು, ಬೀದಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಾಳೆ. "ಅಷ್ಟು ಜನ ಹೆಸರೆತ್ತಿದ್ರೆ ಅವಳಿಗೆ ಬಿಕ್ಕಳಿಕೆ ನಿಲ್ಲೋದು ಹೇಗೆ" ಅನ್ನುವುದು ಅವಳ ಚಿಂತೆ. ನಾನು ನಗಲು ಹೋದೆ, ನಗು ಬರಲಿಲ್ಲ.

ಅಕ್ಕಾ, ನನಗೆ ಹೆದರಿಕೆಯಾಗಿದೆ. ಪಾಪು ಮಲಗಿದಾಗಲೂ ನನಗೆ ಕಣ್ಣು ಮುಚ್ಚಲಾಗುತ್ತಿಲ್ಲ. ಇವರು "ನಕ್ಷತ್ರಗಳು ಎಲ್ಲಿಗೂ ಓಡಿಹೋಗಲ್ಲ, ನೀನು ಸ್ವಲ್ಪ ಮಲ್ಕೋ" ಅನ್ನುತ್ತಾರೆ. ಇವರಿಗೆ ನಾನಿನ್ನೂ ಏನನ್ನೂ ಹೇಳಿಲ್ಲ. ನಿನ್ನ ಹೋದ ವಾರದ ಕಾಗದದಲ್ಲಿ "ನಮ್ಮ ಕೂಸು, ಆ ಏಳನೇ ಗುಚ್ಛ, ಯಾಕೋ ಹಠ ಮಾಡ್ತಿದೆ, ಅಂಕಿ ಹೊಂದ್ತಾನೇ ಇಲ್ಲ, ಕ್ಯಾಮೆರಾ ಬಿಚ್ಚಿ ನೋಡ್ತಿದೀನಿ" ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಅಲ್ಲಿಗೇ ಮಡಚಿಟ್ಟೆ. ಕ್ಯಾಮೆರಾ ಸರಿಯಾಗಿದೆ ಅಕ್ಕಾ. ದಯವಿಟ್ಟು ಅದನ್ನು ಬಿಚ್ಚಬೇಡ.

ಮೂರು ವರ್ಷದ ಹಿಂದೆ ನಿನ್ನ ಹನ್ನೊಂದು ನಕ್ಷತ್ರಗುಚ್ಛಗಳ ಲೆಕ್ಕ ಮಾಡಿಕೊಟ್ಟವಳು ನಾನು. ಹತ್ತು ಗುಚ್ಛಗಳ ಬೆಳಕನ್ನು ನೀನೇ ಅಳೆದಿದ್ದೆ. ಏಳನೆಯದು ಮಾತ್ರ ನಮಗಿಬ್ಬರಿಗೂ ನಕ್ಷತ್ರ ನೋಡಲು ಕಲಿಸಿದ ಗಡ್ಡದ ಮೇಷ್ಟ್ರ ಹಳೆಯ ನೋಟ್‌ಬುಕ್ಕಿನಿಂದ ಬಂದದ್ದು. ದಾರಿಯ ಧೂಳು ನಕ್ಷತ್ರದ ಬೆಳಕನ್ನು ಎಷ್ಟು ಮಂಕಾಗಿಸಿದೆಯೋ ಅಷ್ಟನ್ನು ನಾವು ಲೆಕ್ಕದಲ್ಲಿ ತುಂಬಿಕೊಡಬೇಕಲ್ಲ, ಹನ್ನೊಂದಕ್ಕೂ ತುಂಬಿದೆ. ಮೊನ್ನೆ ನಿನ್ನ ಕಾಗದ ಬಂದ ಮೇಲೆ ಅಟ್ಟದ ಪೆಟ್ಟಿಗೆಯಿಂದ ಆ ನೋಟ್‌ಬುಕ್ ಇಳಿಸಿದೆ. ಹಿಂದಿನ ರಟ್ಟಿನ ಒಳಬದಿಯಲ್ಲಿ, ಪೆನ್ಸಿಲಿನಲ್ಲಿ, "ಧೂಳಿನ ಲೆಕ್ಕ ಸೇರಿಸಿದೆ" ಎಂದಿದೆ. ಮೇಷ್ಟ್ರು ಮುಖ್ಯವಾದದ್ದನ್ನೆಲ್ಲ ಹಿಂದಿನ ರಟ್ಟಿನಲ್ಲೇ ಬರೆಯುತ್ತಿದ್ದರಂತೆ. ಮುಂದಿನಿಂದ ಓದುವವರು ಅದನ್ನು ತಿರುವಿ ನೋಡುವುದು ಯಾವಾಗ? ಉಪ್ಪು ಹಾಕಿದ ಅಡುಗೆಗೆ ನಾನು ಮತ್ತೆ ಉಪ್ಪು ಹಾಕಿದ್ದೇನೆ. ನಕ್ಷತ್ರಗಳು ಇರುವುದಕ್ಕಿಂತ ಹೆಚ್ಚು ನೀಲಿಯಾಗಿ, ಹೆಚ್ಚು ಪ್ರಖರವಾಗಿ, ಅಂದರೆ ಎಳೆಯವಾಗಿ ಕಂಡವು. ಅದಕ್ಕೇ ಎಲ್ಲರೂ ಮುದುಕಿ ಎನ್ನುತ್ತಿದ್ದ ಗುಚ್ಛ ನಮ್ಮ ಕೈಯಲ್ಲಿ ಕೂಸಾಯಿತು. ಮೂರು ಸಲ ಹೊಸದಾಗಿ ಲೆಕ್ಕ ಮಾಡಿದೆ. ನಾವು ಬರೆದದ್ದು ಇಪ್ಪತ್ತು ಕೋಟಿ ವರ್ಷ. ಬರಬೇಕಾದದ್ದು ಎಂಬತ್ತು ಕೋಟಿ.

ನಿನ್ನ ಹಳೆಯ ಲೇಖನಗಳ ಗತಿ ನೆನಪಿದೆಯಲ್ಲ? ಒಂದಕ್ಕೆ ನಾಲ್ಕು ಉಲ್ಲೇಖ, ಇನ್ನೊಂದಕ್ಕೆ ಒಂಬತ್ತು, ಆ ಒಂಬತ್ತರಲ್ಲಿ ಐದು ನೀನೇ ಮಾಡಿದ್ದು. "ನನ್ನನ್ನ ನಾನೇ ಮಾತಾಡಿಸ್ಕೋಬೇಕು, ಇನ್ಯಾರು ಮಾತಾಡಿಸ್ತಾರೆ" ಎಂದು ನಗುತ್ತಿದ್ದೆ. ಈ ಲೇಖನದ ಮೇಲೆಯೇ ನಿನಗೆ ಬೆಟ್ಟದ ಮೇಲಿನ ದೂರದರ್ಶಕದಲ್ಲಿ ನಲವತ್ತು ರಾತ್ರಿಗಳು ಸಿಕ್ಕಿದ್ದು. ಮುಂದಿನ ತಿಂಗಳು ನಿನ್ನನ್ನು ಪ್ರಾಧ್ಯಾಪಕಿ ಮಾಡಬೇಕೋ ಬೇಡವೋ ಎಂದು ಸಮಿತಿ ಕೂರುತ್ತದೆ. ಅವರ ಮುಂದಿರುವ ಕಾಗದದ ಮೊದಲ ಸಾಲೇ ಮುನ್ನೂರ ನಲವತ್ತೊಂದು. ಆ ಮುನ್ನೂರ ನಲವತ್ತೊಂದರಲ್ಲಿ ಎಷ್ಟು ಜನ ನಮ್ಮ ಕೂಸನ್ನೇ ಅಳತೆಗೋಲು ಮಾಡಿಕೊಂಡು ಬೇರೆ ಗುಚ್ಛಗಳ ವಯಸ್ಸು ಹೇಳಿದ್ದಾರೋ, ಎಣಿಸಲು ಕೂತವಳು ನಡುವೆಯೇ ಬಿಟ್ಟೆ. ಮೇಷ್ಟ್ರು ಹೋಗಿ ಎರಡು ವರ್ಷವಾಯಿತು. ನೋಟ್‌ಬುಕ್ ನಮ್ಮ ಮನೆಯಲ್ಲಿರುವುದು ಇನ್ನಾರಿಗೂ ತಿಳಿಯದು. ನಿನ್ನೆ ಅದನ್ನು ಒಲೆಯ ಪಕ್ಕದವರೆಗೂ ಒಯ್ದೆ. ಪಾಪು ಹೆಗಲ ಮೇಲೆ ಎದ್ದು ಅತ್ತಳು, ಸಮಾಧಾನ ಮಾಡುತ್ತ ನಿಂತೆ, ಆಮೇಲೆ ಧೈರ್ಯ ಬರಲಿಲ್ಲ. ಹೋದದ್ದು ಕೆಟ್ಟ ಧೈರ್ಯವೋ, ಬಂದದ್ದು ಒಳ್ಳೆಯ ಅಂಜಿಕೆಯೋ, ನಿದ್ದೆಗೆಟ್ಟ ತಲೆಗೆ ಹೊಳೆಯುತ್ತಿಲ್ಲ. ನೋಟ್‌ಬುಕ್ಕನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಏನು ಮಾಡಬೇಕೆಂದು ನೀನೇ ತೀರ್ಮಾನಿಸು. ನನ್ನ ಮೇಲೆ ಎಷ್ಟಾದರೂ ರೇಗು, ಆದರೆ ಸುಮ್ಮನಿರಬೇಡ. ನಿನ್ನ ಮೌನ ನನಗೆ ಚಿಕ್ಕಂದಿನಿಂದ ಏಟಿಗಿಂತ ಜಾಸ್ತಿ.

ಅಮ್ಮನ ಆಶೀರ್ವಾದ, ಇವರ ನಮಸ್ಕಾರ. ಪಾಪು ದೊಡ್ಡಮ್ಮನಿಗಾಗಿ ಈ ಹಾಳೆಯ ಮೂಲೆ ಚೀಪಿದ್ದಾಳೆ, ಅದೂ ಮುತ್ತೇ ಅಂದುಕೋ.

ನಿನ್ನ ತಂಗಿ,
ಪುಟ್ಟಿ

ಮತ್ತೆ: ಬೆಟ್ಟಕ್ಕೆ ಸಾಮಾನು ಒಯ್ಯುವ ಗಾಡಿ ಬಂದು ನಿಂತಿದೆ, ಡ್ರೈವರ್ "ಬೇಗ ಅಮ್ಮಾ" ಅನ್ನುತ್ತಿದ್ದಾನೆ. ಹಿಂದಿನ ರಟ್ಟು ನೋಡಿರಲಿಲ್ಲ ಎಂಬುದು ನಿಜ. ಆದರೆ ಮೇಷ್ಟ್ರು ಆಗಲೇ ನನಗೊಂದು ಕಾರ್ಡ್ ಬರೆದಿದ್ದರು: "ಏಳನೆಯದಕ್ಕೆ ಧೂಳಿನ ಲೆಕ್ಕ ಮುಗಿಸಿದೀನಿ ಕಣಮ್ಮ, ಇನ್ನೊಂದ್ಸಲ ಮಾಡ್ಬೇಡ, ಅಕ್ಕನಿಗೂ ಹೇಳು." ಅಂಚೆ ಮುದ್ರೆಯ ತಾರೀಖು ನೋಡು. ಲೇಖನ ಕಳಿಸಲು ಇನ್ನೂ ಒಂಬತ್ತು ದಿನವಿತ್ತು. ಕಾರ್ಡ್ ಕೈಗೆ ಬಂದ ಹಿಂದಿನ ದಿನವೇ ನೀನು ಕೂಸಿನ ನಕ್ಷೆಯನ್ನು ಗೋಡೆಗಂಟಿಸಿ ನನ್ನನ್ನು ಎತ್ತಿ ಸುತ್ತಿಸಿದ್ದೆ. ನಾಳೆ ಹೇಳೋಣ ಅಂದುಕೊಂಡೆ, ಹಾಗೇ ಒಂಬತ್ತು ದಿನ ಅಂದುಕೊಂಡೆ. ಆಮೇಲೆ ಮೊದಲ ಉಲ್ಲೇಖ ಬಂತು. ಪತ್ರಿಕೆಗೆ ತಿದ್ದುಪಡಿ ಬರೆಯುವಾಗ ತಪ್ಪು ನಿನ್ನದೆಂದು ಬರೆದು ನನ್ನನ್ನು ಉಳಿಸಲು ಹೋಗಬೇಡ, ನೀನು ಹಾಗೆ ಮಾಡುವವಳೇ. ಕಾರ್ಡನ್ನು ಬೇರೊಂದು ಚಿಕ್ಕ ಲಕೋಟೆಯೊಳಗೆ ಇಟ್ಟಿದ್ದೇನೆ. ಎರಡು ಸಲ ಹೊರಗೆ ತೆಗೆದೆ. ಈಗ ಒಳಗಿದೆ, ಅಂಟಿಸಿದೆ.